ನೊರೆಗಡ್ಡದ ನಾಲ್ವರು

ಹಲೋ... ಹಾಂ, ಆರ್ಲೋನೇ ಮಾತಾಡ್ತಿರೋದು. ನೀವ್ಯಾರು?...

ನಡೀನ್? ರಾಯ್ಸ್ ಮಗಳು ನಡೀನ್? ಏನಮ್ಮ, ದಾರಿ ತಪ್ಪಿ ಫೋನ್ ಮಾಡಿದ್ಯಾ?... ನಿಮ್ಮಪ್ಪ ಇನ್ನೂ ಇದಾನಾ?... ಛೆ, ತಮಾಷೆಗೆ ಕೇಳ್ದೆ ಕಣಮ್ಮ. ಎರಡು ವರ್ಷದಿಂದ ಮಾತಿಲ್ಲ ಕತೆಯಿಲ್ಲ, ನನಗೆ ಗೊತ್ತಾಗೋದಾದ್ರೂ ಹೇಗೆ?...

ಚರಿತ್ರೆನಾ? ನಮ್ಮ ನೊರೆಗಡ್ಡ ಹಾಡುತಂಡದ್ದಾ?... ಓಹೋ, ಶನಿವಾರ ಮೂವತ್ತನೇ ವರ್ಷದ ಹಾಡುಗಾರಿಕೆ, ಅಲ್ಲಿ ಓದೋಕೆ. ಸರಿ, ಬರ್ಕೋ...

ಶುರುವಾಗಿದ್ದು ಚರ್ಚಿನ ನೆಲಮಾಳಿಗೆಲಿ. ಬಾಯ್ಲರ್ ಕೆಟ್ಟಿತ್ತು, ರಿಪೇರಿ ಮಾಡ್ತೀವಿ ಅಂತ ನಾವು ನಾಲ್ವರು ಇಳಿದ್ವಿ. ಒಬ್ಬನಿಗೂ ಬಾಯ್ಲರಿನ ಗಂಧಗಾಳಿ ಗೊತ್ತಿರ್ಲಿಲ್ಲ. ಚಳಿ ತಡೀಲಾರದೆ ಹಾಡೋಕೆ ಶುರು ಮಾಡಿದ್ವಿ, ಗೋಡೆ ಗುಂಯ್ ಅಂತು. ಅಷ್ಟೇ, ಸಂಜೆವರೆಗೂ ಮೇಲೆ ಬರ್ಲಿಲ್ಲ... ಬಾಯ್ಲರಾ? ಅದು ರಿಪೇರಿ ಆಗ್ಲೇ ಇಲ್ಲ...

ನನ್ನ ಪಾಲಾ? ನಾಲ್ಕು ಬೇರೆ ಬೇರೆ ಸ್ವರ ಒಟ್ಟಿಗೆ ಕೂಡ್ಬೇಕು: ನಿಮ್ಮಪ್ಪ ರಾಗ ಹಾಡ್ತಾನೆ, ವೆಂಡೆಲ್ ಅದಕ್ಕಿಂತ ಮೇಲಿನ ಸ್ವರ, ಹೋಮರ್ ತಳದ ಸ್ವರ. ಮೂವರೂ ಬಡಿಸ್ಕೊಂಡು ಮಿಕ್ಕ ಸ್ವರ ನನ್ನ ತಟ್ಟೆಗೆ. ಅದನ್ನ ನಾನೊಬ್ನೇ ಹಾಡಿದ್ರೆ ನಮ್ಮನೆ ನಾಯಿನೂ ಎದ್ದು ಹೋಗುತ್ತೆ. ಆದ್ರೆ ನಾನಿಲ್ದೆ ಆ ಮೂವರು ಹಾಡಿದ್ರೆ ಸಪ್ಪೆ, ಅಲ್ವಾ?...

ತಂಡ ಬಿಟ್ಟಿದ್ಯಾಕಾ? ನಿಮ್ಮಪ್ಪ ಏನಂದ?... ವಾಚ್ ನೋಡ್ಕೊಂಡೆ ಅಂತನಾ? ಹೂಂ, ನೋಡ್ಕೊಂಡೆ. ಎರಡು ವರ್ಷದ ಹಿಂದಿನ ಆ ಸ್ಪರ್ಧೆಲಿ ಕೊನೇ ಸ್ವರ ಎಳೆಯೋದು ಅವನ ಕೆಲಸ, ಅದರಡಿ ನಾವು ಸಾಲು ಮುಗಿಸ್ಬೇಕು. ಮುಗಿಸಿದ್ವಿ. ಪುಣ್ಯಾತ್ಮ ಬಿಡ್ಲೇ ಇಲ್ಲ. ಎಳೆದ, ಎಳೆದ, ಅವನ ಜೊತೆ ಸ್ವರ ಹಿಡಿದೂ ಹಿಡಿದೂ ವೆಂಡೆಲ್ ಮುಖ ಬದನೇಕಾಯಿ ಬಣ್ಣಕ್ಕೆ ತಿರುಗ್ತು. ನಾನು ವೇದಿಕೆ ಮೇಲೆ ಮೆಲ್ಲಗೆ ವಾಚ್ ನೋಡ್ದೆ. ಜನ ಬಿದ್ದು ಬಿದ್ದು ನಕ್ರು, ನಮಗೆ ಎರಡನೇ ಬಹುಮಾನ ಬಂತು. ನಿಮ್ಮಪ್ಪ ತಲೆ ಮೇಲಿದ್ದ ಹುಲ್ಲಿನ ಹ್ಯಾಟು ನನ್ನ ಕಡೆ ಎಸೆದು ಹೋದ. ಅವತ್ತಿಂದ ನಾನೂ ಆ ಕಡೆ ಹೋಗ್ಲಿಲ್ಲ...

ಶನಿವಾರ ನನ್ನ ಜಾಗಕ್ಕೆ ಯಾರು?... ಆ ಹಲ್ಲಿನ ಡಾಕ್ಟರಾ?... ನಿಲ್ಲಲಿ ಬಿಡು, ನನಗೇನು...

ಇಲ್ಲ ನಡೀನ್, ಹೊಟ್ಟೆ ಉರೀತಿದೆ ಕಣಮ್ಮ. ನನ್ನ ಜಾಗ ಅದು. ನಿಮ್ಮಪ್ಪ ಒಂದ್ಸಲ ಬಾಯಿಬಿಟ್ಟು ಕರೀಲಿ, ಓಡಿ ಬರ್ತೀನಿ. ಆದ್ರೆ ಅವನು ಕರೀಬೇಕು...

ಅದೇನು ಸದ್ದು?... ಯಾರೋ ಹಾಡ್ತಿದಾರಲ್ಲ... ಸ್ಪೀಕರ್ ಹಾಕಿದ್ಯಾ, ಕಳ್ಳಿ? ಮೂವರೂ ಅಲ್ಲೇ ಕೂತಿದಾರಾ?...

ಬೇಡ, ಆ ಕೊನೇ ಸಾಲು ಹಾಡ್ಬೇಡಿ. ನನ್ನ ಸ್ವರದ ಜಾಗ ಖಾಲಿ ಬಿಟ್ಟು ಹಾಡ್ತಿದೀರಿ, ಇದು ಮೋಸ... ಅಯ್ಯೋ, ಹಾಗೇ ಬಿಡೋಕೆ ನನ್ನಿಂದಾಗಲ್ಲ ಅಂತ ಗೊತ್ತು ನಿಮಗೆ... ಮ್ಮ್ಮ್... ಮ್ಮ್ಮ್ಮ್ಮ್ಮ್...

ಹಾಂ. ಈಗ ಕೂತ್ಕೊಳ್ತು...

ಯಾರು, ರಾಯ್ಸಾ?... ಏನಂದೆ? ನೀನಿಲ್ದೆ ಆಗಲ್ಲ ಅಂದ್ಯಾ?...

ಇನ್ನೊಂದ್ಸಲ ಹೇಳು... ಇಲ್ಲಪ್ಪ, ಕೇಳಿಸ್ತು. ಚೆನ್ನಾಗೇ ಕೇಳಿಸ್ತು. ಆದ್ರೂ ಇನ್ನೊಂದ್ಸಲ ಹೇಳೋ... ಹಲೋ?... ರಾಯ್ಸ್?... ಇಟ್ಟೇಬಿಟ್ಟ ಪುಣ್ಯಾತ್ಮ, ಶನಿವಾರ ಎಷ್ಟು ಗಂಟೆಗೆ ಬರ್ಬೇಕು ಅಂತಾನೂ ಹೇಳ್ದೆ!