ಚಕ್ಕೋತದ ತೊಳೆ

ಕೃಷ್ಣಮೂರ್ತಿಪುರಂನ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತಿದ್ದ ಗಿರಿಜಾಂಬಾ ಪೇಪರಿನ ಹಿಂದೆ ಮುಖ ಇಟ್ಟುಕೊಂಡಿದ್ದರೂ ಕಿವಿಯೆಲ್ಲ ಪಕ್ಕದ ಬೆಂಚಿನಲ್ಲೇ ಇತ್ತು. ಡಾಕ್ಟರ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದ ಹಿರಿಯರೊಬ್ಬರು, ಆ ಬೆಂಚಿನಲ್ಲಿ ಕಾಯುತ್ತಿದ್ದ ಹೆಂಡತಿಯ ಬಳಿ ಕೂತರು.

“ಏನಂದ್ರು ರೀ?”

“ಕಾಲುನೋವು ವಯಸ್ಸಿಂದಲ್ವಂತೆ ಕಣೇ. ಕೊಲೆಸ್ಟ್ರಾಲ್ ಮಾತ್ರೆ ಜೊತೆ ಚಕ್ಕೋತ ತಿನ್ಬಾರ್ದಂತೆ. ಮಾತ್ರೆ ಮೈಯಲ್ಲಿ ಜಾಸ್ತಿಯಾಗಿ ಮಾಂಸಖಂಡ ನೋಯುತ್ತಂತೆ.”

“ಅಯ್ಯೋ! ಕೊಬ್ಬು ಕರಗುತ್ತೆ ಅಂತ ತೊಳೆ ತೊಳೆ ಬಿಡಿಸಿ ದಿನಾ ತಿನ್ಸಿದ್ದು ನಾನೇ ಅಲ್ವಾ?”

“ಹಿತ್ತಲಲ್ಲಿ ಬಿಟ್ಟಿತ್ತು, ತಿಂದೆ. ಬುಡು.”

“ಬೆಳಿಗ್ಗೆ ನಾನೇ ತಿನ್ಸೋದು, ಸಂಜೆ ನಾನೇ ಕಾಲಿಗೆ ಎಣ್ಣೆ ತಿಕ್ಕೋದು! ಡಾಕ್ಟ್ರು ಬೈದ್ರಾ?”

“ಯಾರ್ರೀ ಕೊಟ್ಟಿದ್ದು ಅಂತ ಬೈದ್ರು.”

“ನೀವೇನಂದ್ರಿ?”

“ನಾಲಿಗೆ ಚಪಲ ಸಾರ್, ಹೆಂಡ್ತಿಗೆ ಗೊತ್ತಾಗ್ದಂಗೆ ತಿಂದ್ಬುಟ್ಟೆ ಅಂದೆ.”

ಆಕೆ ಬಗ್ಗಿ ಗಂಡನ ಚಪ್ಪಲಿಯ ಬಕಲ್ ಹಾಕಿದರು. ಹಾಕಿ ಮುಗಿದರೂ ತಲೆ ಎತ್ತಲಿಲ್ಲ.

“ಹಂಗಾದ್ರೆ ಎಣ್ಣೆನೂ ಬೇಡ್ವೇನೋ ಇನ್ನು.”

ಅವರು ಆಕೆಯ ಭುಜ ಹಿಡಿದು ಎದ್ದರು. ಇಬ್ಬರೂ ಮೆಲ್ಲಗೆ ಗೇಟಿನತ್ತ ನಡೆದರು. ಗಿರಿಜಾಂಬಾ ಪೇಪರು ಕೆಳಗಿಳಿಸಿದರು. ಗೇಟಿನ ಹತ್ತಿರದಿಂದ ಆ ಹಿರಿಯರ ದನಿ ಕೇಳಿಸಿತು.

“ಎಣ್ಣೆಗೇನೂ ಅಡ್ಡಿಯಿಲ್ವಂತೆ ಕಣೇ. ಅದನ್ನ ಮೊದಲೇ ಕೇಳ್ಕೊಂಡೆ.”