ಗುಣವಾಗಿದ್ದಾನೆಂದು ಸಾಕ್ಷಿ ಹೇಳಿದ ಊರು

ಒಂದೂರಿನಲ್ಲಿ ಒಬ್ಬ ನಿವೃತ್ತ ಹವಾಲ್ದಾರನಿದ್ದ. ಶ್ರೀಮಂತನಿದ್ದ ಅಂತ ಶುರು ಮಾಡುವುದು ನಮ್ಮವರ ಪದ್ಧತಿ. ಶ್ರೀಮಂತರ ಕಥೆ ನನಗೆ ಬರುವುದಿಲ್ಲ, ಕ್ಷಮಿಸಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು; ಶಾಲೆಯೂ ನನ್ನನ್ನು ತಡೆಯಲಿಲ್ಲ. ಪ್ರವಚನಕಾರನ ಈ ಶಾಲು, ಈ ಮೈಕು, ಈ ಎತ್ತರದ ಕುರ್ಚಿ ನನಗೆ ಸಿಕ್ಕಿದ್ದು ಗಂಟಲು ದೊಡ್ಡದಿದೆ ಅಂತಲೇ ಹೊರತು ತಲೆ ದೊಡ್ಡದಿದೆ ಅಂತಲ್ಲ.

ಆ ಹವಾಲ್ದಾರನಿಗೆ ಮೈಮೇಲೆ ಒಂದೂ ಗಾಯವಿರಲಿಲ್ಲ. ಕೈ ನೆಟ್ಟಗಿತ್ತು, ಕಾಲು ನೆಟ್ಟಗಿತ್ತು, ಮೀಸೆಯಂತೂ ಎರಡೂ ಕಡೆ ನೆಟ್ಟಗಿತ್ತು. ಕೆಟ್ಟದ್ದು ತಲೆಯ ಒಳಗೆ. ಗಡಿಯಲ್ಲಿದ್ದಾಗಲೇ ಯಾರೂ ಇಲ್ಲದ ದಿಕ್ಕಿನಿಂದ ಅವನಿಗೆ ಹುಕುಂ ಕೇಳಿಸತೊಡಗಿತ್ತು. ಸೈನ್ಯದ ಡಾಕ್ಟರು ಇದು ದೊಡ್ಡ ಮನೋರೋಗವೆಂದು ಬರೆದು, ಅಂಗವೈಕಲ್ಯದ ಪಿಂಚಣಿ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ರೋಗ ಇನ್ನಷ್ಟು ಬೆಳೆಯಿತು. ಒಳಗಿನ ಹುಕುಂ ಬಂತೆಂದರೆ ಉರಿಯುವ ಒಲೆಯ ಕೊಳ್ಳಿ ಹಿಡಿದು ನಡೆದುಬಿಡುತ್ತಿದ್ದ. ಬಾವಿಗೆ ಇಳಿಯುತ್ತಿದ್ದ. ಹೆಂಡತಿ ತಂಗೆವ್ವ ಅವನನ್ನು ಬಿಟ್ಟು ಕೂಲಿಗೆ ಹೋಗುವಂತಿಲ್ಲ, ಸಂತೆಗೆ ಹೋಗುವಂತಿಲ್ಲ. ಅವಳ ಒಂದು ಕಣ್ಣಿಗೆ ಪೊರೆ ಬಂದು ಮಂಜಾಗಿತ್ತು, ಇನ್ನೊಂದಕ್ಕೂ ಬರುತ್ತಿತ್ತು. ಆಪರೇಷನ್ನಿಗೆ ಹೋದರೆ ಗಂಡನ ಹತ್ತಿರ ಯಾರು ಕೂಡಬೇಕು? ಹೋಗದೆ ಕುರುಡಾದರೆ ಗಂಡನನ್ನು ಯಾರು ಕಾಯಬೇಕು? ನೋಡಿ, ಇಷ್ಟೇ ಅವಳ ಲೆಕ್ಕ.

ಸದಾ ಒಬ್ಬರು ಜೊತೆಗಿರಲೇಬೇಕಾದಂಥ ರೋಗವಿದ್ದರೆ ಪಿಂಚಣಿಯ ಮೇಲೆ ಸಹಾಯಕರ ಭತ್ಯೆ ಸಿಗುತ್ತದೆಂದು ಯಾರೋ ಹೇಳಿದರು. ತಂಗೆವ್ವ ಅರ್ಜಿ ಹಾಕಿದಳು. ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾನೆಂದು ಸುದ್ದಿ ಬಂತು.

ಆಗ ಊರು ಏನು ಮಾಡಬೇಕಿತ್ತು? ಇದ್ದದ್ದನ್ನು ಹೇಳಬೇಕಿತ್ತು. ಊರು ಏನು ಮಾಡಿತು? ಇಸ್ತ್ರಿ ಮಾಡಿತು!

ಹೌದು ಸ್ವಾಮಿ, ಇಸ್ತ್ರಿ. ಊರ ಗೌಡ ಮುಂದೆ ನಿಂತು ಹವಾಲ್ದಾರನಿಗೆ ಕ್ಷೌರ ಮಾಡಿಸಿದ. ಕೋಟಿಗೆ ಇಸ್ತ್ರಿ ಹಾಕಿಸಿ, ಎದೆಗೆ ಪದಕ ಚುಚ್ಚಿಸಿ, ಚಾವಡಿಯಲ್ಲಿ ಕುರ್ಚಿ ಹಾಕಿ ಕೂರಿಸಿದ. "ಮಿಲಿಟರಿ ಕಾಕಾಗ ಹುಚ್ಚು ಅಂತ ಸರಕಾರದಾಗ ಬರಸೂದಂದ್ರ ಏನು? ನಮ್ಮೂರಿಗೆ ಯಾರರ ಹೆಣ್ಣು ಕೊಡ್ತಾರೇನು?" ಎಂದು ಎಲ್ಲರಿಗೂ ತಾಕೀತು ಮಾಡಿದ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅದೇ ನೋಡಿ ನನಗೆ ಮೈ ಉರಿಯುವುದು. ಎಲ್ಲರೂ ಉಪಕಾರ ಮಾಡಲಿಕ್ಕೇ ನಿಂತಿದ್ದರು!

ಅಧಿಕಾರಿ ಬಂದ. "ಹೆಂಗದೀರಿ?" ಎಂದು ಕೇಳಿದ. ಹವಾಲ್ದಾರ ಛಟ್ಟನೆ ಎದ್ದು ಸೆಲ್ಯೂಟ್ ಹೊಡೆದು, "ಸಬ್ ಠೀಕ್ ಹೈ, ಸಾಬ್!" ಎಂದ. ಸಾಹೇಬ ಕೇಳಿದರೆ ಸಿಪಾಯಿ ಮತ್ತೇನು ಹೇಳುತ್ತಾನೆ? ಗುಂಡು ಹೊಕ್ಕರೂ ಅವನು ಅದನ್ನೇ ಹೇಳುತ್ತಾನೆ. ಊರು ಚಪ್ಪಾಳೆ ತಟ್ಟಿತು.

"ಒಂದ್ ಚೂರೂ ತ್ರಾಸಿಲ್ರಿ, ದೇವರಂಥಾ ಮನಿಷ್ಯಾ" ಎಂದ ಗೌಡ.

"ನಮ್ಮ ಅಂಗಡಿಗೆ ಬರ್ತಾರ, ಶಾಣ್ಯಾರಂಗ ಮಾತಾಡ್ತಾರ" ಎಂದ ಅಂಗಡಿಯವ.

ಆ ಊರಲ್ಲಿ ಒಬ್ಬ ಪ್ರವಚನಕಾರನೂ ಇದ್ದ. ನನ್ನ ಜಾತಿಯ ಪ್ರಾಣಿ. ಮೈಕು ಕಂಡರೆ ಬಿಡದವನು, ಹೊಟ್ಟೆ ತುಂಬುವ ಮುಂಚೆ ಹೆಗಲಿಗೆ ಶಾಲು ಬೀಳಬೇಕು ಎನ್ನುವವನು. ಅವನು ಮುಂದೆ ಬಂದು ಕಣ್ಣು ಅರ್ಧ ಮುಚ್ಚಿ, "ಮೊದಲು ಸ್ವಲ್ಪ ಇತ್ತರಿ. ನಮ್ಮ ಪ್ರವಚನ ಕೇಳಿ ಪೂರ್ತಿ ಗುಣ ಆಗ್ಯಾನ" ಎಂದುಬಿಟ್ಟ. ಕೇಳಿದಿರಾ? ಡಾಕ್ಟರ ಗುಳಿಗೆಯಿಂದ ಆಗದ್ದು ಇವನ ಬಾಯಿಂದ ಆಯಿತಂತೆ! ನಗಬೇಡಿ. ನನ್ನ ಬಾಯಿಗೂ ಅಂಥ ಶಕ್ತಿ ಇದೆಯೆಂದು ನಂಬಿ ನಿನ್ನೆ ಇಬ್ಬರು ನನ್ನ ಕಾಲು ಹಿಡಿದರು. ನಾನೇನು ಕಾಲು ಹಿಂದಕ್ಕೆ ಎಳೆದುಕೊಂಡೆನೇ?

ತಂಗೆವ್ವ ಚಾವಡಿಯ ಬಾಗಿಲಿಗೆ ಬಂದು, "ಸಾಹೇಬ್ರ, ಇದೆಲ್ಲಾ ಸುಳ್ಳರಿ. ಮನಿಗೆ ಬಂದು ಬಾವಿ ನೋಡ್ರಿ" ಎಂದಳು.

"ನೀ ಮನಿಗೆ ನಡಿಯವ್ವ. ದೊಡ್ಡವರು ಮಾತಾಡಾಕತ್ತೀವಿ" ಎಂದ ಗೌಡ.

ಅಧಿಕಾರಿ ಎಲ್ಲರ ಹೇಳಿಕೆ ಬರೆದುಕೊಂಡು ಎದ್ದ. ಊರವರೆಲ್ಲ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದರು. ಹವಾಲ್ದಾರನೂ ಹಿಂದೆ ಹೋದ, ಅವನ ಹಿಂದೆ ತಂಗೆವ್ವ. ಬಸ್‌ಸ್ಟ್ಯಾಂಡ್ ಬರುತ್ತಲೇ ಹವಾಲ್ದಾರ ರಸ್ತೆಗೆ ಅಡ್ಡ ನಿಂತು, ಅಧಿಕಾರಿಯ ಎದೆಗೆ ಕೈಯಿಟ್ಟು, ಗಡಿಯ ಪಹರೆಯವನ ಹಾಗೆ "ಪಾಸ್ ದಿಖಾವ್!" ಎಂದು ಗದರಿದ.

ಅಧಿಕಾರಿ ಕಂಗಾಲಾದ. ಊರವರು? ಊರವರಿಗೆ ಗಾಬರಿಯೇ ಇಲ್ಲ! ಗೌಡ ಕಿಸೆಯಿಂದ ಬಾಚಣಿಗೆ ತೆಗೆದು ಎತ್ತಿ ಹಿಡಿದ. ಅಂಗಡಿಯವ ಬೀಡಿ ಕಟ್ಟು ಎತ್ತಿದ. ಪ್ರವಚನಕಾರ ಜಪಮಾಲೆ ಎತ್ತಿದ.

"ನೀವೂ ಏನರ ತೋರಿಸಿಬಿಡ್ರಿ ಸಾಹೇಬ್ರ. ಬಸ್ ಟಿಕೀಟ್ ಇದ್ರೂ ನಡೀತೈತಿ. ತೋರಸಲಿಲ್ಲಂದ್ರ ಕಲ್ಲು ತಗೋತಾನ" ಎಂದ ಗೌಡ, ಬಹಳ ಕಾಳಜಿಯಿಂದ.

"ದಿನಾ ಹಿಂಗೇನು?" ಎಂದ ಅಧಿಕಾರಿ.

"ದಿನಾರೀ" ಎಂದ ಅಂಗಡಿಯವ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಮತ್ತ ಚಾವಡಿಯೊಳಗ ನನ್ನ ಮುಂದ ಏನ್ ಹೇಳಿದ್ರಿ?"

ಎಲ್ಲರ ಕೈ ಇನ್ನೂ ಮೇಲೇ ಇತ್ತು. ಅಷ್ಟರಲ್ಲಿ ಬಸ್ಸು ಬಂತು. "ನೀವು ಹೇಳಿದ್ದು ಬರದೀನಿ. ಹೇಳಿದವರ ಬಾಯಿಲೇ ಬ್ಯಾರೆ ಬಂದ್ರ ತಿದ್ದತೀನಿ. ಇಲ್ಲಂದ್ರ ಇಲ್ಲ" ಎಂದು ಅಧಿಕಾರಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ.

ತಂಗೆವ್ವ ಗಂಡನ ರಟ್ಟೆ ಹಿಡಿದುಕೊಂಡೇ ಕೂಗಿದಳು: "ಯಾರರ ಒಬ್ಬರು ಹೇಳ್ರೋ ಯಪ್ಪಾ! ನನ್ನ ಕಣ್ಣು ಹೊಂಟಾವು!"

ಪ್ರವಚನಕಾರ ಜಪಮಾಲೆ ಕಿಸೆಗೆ ಹಾಕಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಯಾಕೆ? ಈ ಮಾತನ್ನು ಅವನು ಮೊದಲಿನಿಂದಲೂ ಸಾರುತ್ತ ಬಂದಿದ್ದ; ಹುಚ್ಚು ಬಿಡಿಸಿದ ಮಹಾತ್ಮರೆಂದು ಪಕ್ಕದ ಊರಿನಲ್ಲಿ ಆಗಲೇ ಬ್ಯಾನರು ಕಟ್ಟಿದ್ದರು. ಬ್ಯಾನರಿನಲ್ಲಿ ಅವನ ಮುಖ ಇದ್ದದ್ದಕ್ಕಿಂತ ಬೆಳ್ಳಗೆ ಬಂದಿತ್ತು. ನಿಜ ಹೇಳಿದರೆ ಅದೆಲ್ಲ ಹೋಗುತ್ತದೆ. ಆದರೂ ಕಡೆಗೆ ಬಾಯಿ ಬಿಟ್ಟ.

"ಗುಣ ಆಗಿಲ್ರಿ ಸಾಹೇಬ್ರ. ಸುಳ್ಳ ಹೇಳಿದೆ. ನನ್ನ ಪ್ರವಚನ ಕೇಳಿ ನಮ್ಮನಿ ಬೆಕ್ಕು ಸೈತ ಸುಧಾರಿಸಿಲ್ಲ. ಕಾಕಾಗ ಭಾಳ ಜಡ್ಡೈತಿ. ಈಕಿ ಒಂದ್ ಗಳಿಗಿ ಬಿಟ್ರ ಅಂವ ಉಳಿಯೂದಿಲ್ಲ."

ಅವನ ಹಿಂದೆ ಅಂಗಡಿಯವ ಹೇಳಿದ. ಗೌಡನೂ ನೆಲ ನೋಡುತ್ತ ಹೇಳಿದ. ಬಸ್ಸು ನಿಂತೇ ಇತ್ತು, ಡ್ರೈವರು ಬೈಯುತ್ತಲೇ ಇದ್ದ, ಅಧಿಕಾರಿ ಮೆಟ್ಟಿಲ ಮೇಲೆ ಕೂತು ತಿದ್ದಿ ಬರೆದ. ವೈದ್ಯಕೀಯ ಮಂಡಳಿಯವರು ಮತ್ತೆ ಪರೀಕ್ಷೆ ಮಾಡಿದರು. ಭತ್ಯೆ ಬಂತು. ತಡವಾಗಿ ಬಂತು; ಆಪರೇಷನ್ನಿಗೆ ಹೋಗುವ ಹೊತ್ತಿಗೆ ಒಂದು ಕಣ್ಣು ಪೊರೆ ಬಲಿತು ಕೆಟ್ಟಿತ್ತು, ತಂಗೆವ್ವನಿಗೆ ಒಂದೇ ಕಣ್ಣು ಉಳಿಯಿತು.

ಆ ಪ್ರವಚನಕಾರ ಏನಾದ? ಬ್ಯಾನರು ಇಳಿಸಿದರು. ಆದರೆ ಹೇಳುತ್ತೇನೆ ಕೇಳಿ, ನಮ್ಮ ಜಾತಿಯವರು ಆಡಿದ ಮಾತಿನಲ್ಲಿ ಯಾರಿಗಾದರೂ ಉಪಯೋಗವಾದದ್ದು ಅದೊಂದೇ.

ಈಗ ನಿಮ್ಮ ಸರದಿ. ತಲೆ ಯಾಕೆ ತಗ್ಗಿಸುತ್ತೀರಿ? ಸಕ್ಕರೆ ಕಾಯಿಲೆ ಬಂದರೆ ಮದುವೆ ಪಂಕ್ತಿಯಲ್ಲಿ ಕೂಗಿ ಹೇಳುತ್ತೀರಿ. ಬಿಪಿಯನ್ನಂತೂ ಪದಕದ ಹಾಗೆ ತೋರಿಸುತ್ತೀರಿ. ತಲೆಗೆ ರೋಗ ಬಂದರೆ ಮಾತ್ರ ಒಳಕೋಣೆ, ಹೊರಗಿನಿಂದ ಚಿಲಕ, ಕೇಳಿದವರಿಗೆ "ಸ್ವಲ್ಪ ಪಿತ್ತ". ಇವತ್ತಿನಿಂದ ಆ ಮಾತು ಬಿಡಿ. ರೋಗವನ್ನು ರೋಗವೆನ್ನಿ, ಗುಳಿಗೆ ಬಿಡಿಸಬೇಡಿ, ತಾಯಿತಕ್ಕೆಂದು ನನ್ನ ಹತ್ತಿರ ಕರೆತರಬೇಡಿ. ನಿಮ್ಮ ಓಣಿಯವರಿಗಾಗಿ ಸಾಕ್ಷಿ ಹೇಳುವ ಪ್ರಸಂಗ ಬಂದರೆ ಅವರ ಮರ್ಯಾದೆ ಕಾಯಲು ಹೋಗಬೇಡಿ, ಅವರ ಹಕ್ಕು ಕಾಯಿರಿ. ಅಂಥ ಮನೆ ನಿಮ್ಮ ಓಣಿಯಲ್ಲಿದೆ, ಯಾವುದೆಂದು ನಿಮಗೂ ಗೊತ್ತು. ನಾಳೆ ಇದೇ ಹೊತ್ತಿಗೆ ಅಲ್ಲಿ ಹೋಗಿ ರೋಗಿಯ ಹತ್ತಿರ ಕೂತುಕೊಳ್ಳಿ. ಕಾಯುವವಳು ಹೊರಗೆ ಹೋಗಿ ಬರಲಿ. ಇಲ್ಲಿಗೆ ಬರಬೇಡಿ. ಖಾಲಿ ಚಾಪೆ ನೋಡಿದರೆ ನನಗೆ ಕೆಂಡದಂಥ ಸಿಟ್ಟು ಬರುತ್ತದೆ, ನಿಜ. ಬರಲಿ ಬಿಡಿ, ಮೈಕಿನ ಮುಂದೆ ನಾನೊಬ್ಬನೇ ಕೂತು ನನಗೇ ಬೈದುಕೊಳ್ಳುತ್ತೇನೆ.