ಲಾಲಬೀ ಹೆಸರಿನ ಲಾಗಿನ್

ರಾತ್ರಿ ಎಂಟೂವರೆ ದಾಟಿತ್ತು. ಹಳೇ ಭಾವಿಯ ಪಕ್ಕದ ದಾರಿಯಲ್ಲಿ ಶೈಲಶ್ರೀ ಒಬ್ಬಳೇ ಮನೆಗೆ ಹೋಗುತ್ತಿದ್ದಳು. ಶೈಲಾ ನಮ್ಮ ಚಿಕ್ಕಮ್ಮನ ಮಗಳು. ಕುಷ್ಟಗಿಯ ಒಂದು ಖಾಸಗಿ ರಕ್ತನಿಧಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ದೆವ್ವ ನಂಬುವ ಪೈಕಿ ಅಲ್ಲ. ಗಂಡನನ್ನೇ ಪೂರ್ತಿ ನಂಬುವುದಿಲ್ಲ.

ಅಲ್ಲಿ ಇಪ್ಪತ್ತು ವರ್ಷ ಟೆಕ್ನೀಷಿಯನ್ ಆಗಿದ್ದ ಲಾಲಬೀ ತೀರಿಕೊಂಡು ಆರು ತಿಂಗಳು. ಆದರೂ ಎಲ್ಲರೂ ಆಕೆಯ ಹೆಸರಲ್ಲೇ ಲಾಗಿನ್ ಆಗುತ್ತಿದ್ದರು. ದಾಖಲೆ ತಿದ್ದುವ ಹಕ್ಕು ಆ ಹೆಸರಿಗೆ ಮಾತ್ರ. ಪಾಸ್‌ವರ್ಡು ಫ್ರಿಜ್ಜಿನ ಬದಿಗೆ ಸೀಮೆಸುಣ್ಣದಲ್ಲಿ ಬರೆದಿತ್ತು. "ಸತ್ತವರನ್ನ ಎಷ್ಟಂತ ದುಡಸ್ತೀರಿ?" ಅಂತ ಶೈಲಾ ಅವತ್ತು ಬೆಳಿಗ್ಗೆ ಎಲ್ಲರಿಗೂ ಬೇರೆ ಬೇರೆ ಯೂಸರ್, ಪಾಸ್‌ವರ್ಡ್ ಮಾಡಿಕೊಟ್ಟಳು. ಸಂಜೆ ಲಾಲಬೀ ಹೆಸರು ಅಳಿಸಿದಳು.

ಭಾವಿಯೊಳಗೆ ಏನೋ ಬಿತ್ತು... ಬುಳುಕ್. ಅದೇ ಹೊತ್ತಿಗೆ ಫೋನು. ಟಿರ್ರ್... ಟಿರ್ರ್.

ರಾತ್ರಿ ಪಾಳಿಯ ಮುಜೀಬ. ದನಿ ಇಳಿಸಿದ್ದ.

"ಅಕ್ಕಾ, ತಾವರಗೇರಾದ ಬಾಣಂತಿಗೆ ಬಿ ಗುಂಪಿನ ರಕ್ತ ಕಳಸಬೇಕು. ಗಾಡಿ ಬಂದು ನಿಂತೈತಿ. ಕಂಪ್ಯೂಟರಿನ್ಯಾಗ ಚೀಲ ಹೊರಗ ಕಳಸೋ ಚೀಟಿ ಬರವಲ್ದು. ತಡದಾರಂತ ತೋರಸ್ತೈತಿ."

"ಯಾರು ತಡದಾರ?"

ಮುಜೀಬ ಪರದೆಯನ್ನು ಇನ್ನೊಮ್ಮೆ ಓದಿದ. ಆಮೇಲೆ...

"ಲಾಲಬೀ."

"ಚಾಷ್ಟಿ ಮಾಡಬ್ಯಾಡ."

"ಅಲ್ಲಾನ ಆಣಿ ಅಕ್ಕಾ. ನಿಮ್ಮ ಖೋಲಿಯಾಗ ಕೀಬೋರ್ಡ್ ಸದ್ದು ಬರಾಕತ್ತೈತಿ. ಟಕ... ಟಕ... ಠಪ್."

"ಯಾರದಾರ ಒಳಗ?"

"ಕೀಲಿ ನಿಮ್ಮ ಹತ್ರನ ಐತೆಲ್ಲಕ್ಕಾ..."

ಕೀಲಿ ಪರ್ಸಿನಲ್ಲೇ ಇತ್ತು.

ವಾಪಸ್ ರಕ್ತನಿಧಿಗೆ ಓಡಿದಳು. ಬಾಗಿಲು ತೆಗೆದರೆ ಖೋಲಿ ಖಾಲಿ. ಪರದೆ ಮಾತ್ರ ಹತ್ತಿಕೊಂಡಿತ್ತು. 214ನೇ ಚೀಲ. ತಡೆದವರು, ಲಾಲಬೀ. ಸಮಯ 8:41. ಕಾರಣ, ಗುಂಪು ಮತ್ತ ನೋಡ್ರಿ.

"ತಡೆ ತೆಗೀರಿ ಅಕ್ಕಾ," ಮುಜೀಬ ಬಾಗಿಲ ಹೊರಗೇ ನಿಂತು ಪಿಸುಗುಟ್ಟಿದ. "ಬಾಣಂತಿಗೆ ರಕ್ತ ಹೋಗೂದು ನಿಂದ್ರವಲ್ದಂತ. ತಡಾ ಆದ್ರ ಉಳಿಯೂದಿಲ್ಲ."

ತೆಗೆಯುವ ಹಕ್ಕು ಈಗ ಶೈಲಾಳೊಬ್ಬಳಿಗೇ ಇತ್ತು. ಗುಂಡಿಯ ಮೇಲೆ ಬೆರಳಿಟ್ಟಳು... ಒತ್ತಲಿಲ್ಲ.

"ಗುಂಪು ಇನ್ನೊಮ್ಮಿ ನೋಡು."

"ಹೊತ್ತಿಲ್ಲಕ್ಕಾ!"

"ನೋಡಂದ್ನಿ."

ನೋಡಿದ. ಚೀಲದ ಮೇಲಿನ ಚೀಟಿಯಲ್ಲಿ ಬಿ. ಒಳಗಿದ್ದದ್ದು ಎ.

ಮಧ್ಯಾಹ್ನ ಹೊಸ ಪಾಸ್‌ವರ್ಡಿನ ಹುರುಪಿನಲ್ಲಿ ಆ ಚೀಲವನ್ನು ಬಿ ಅಂತ ದಾಖಲಿಸಿದವಳು ಶೈಲಾಳೇ.

ಬೇರೆ ಚೀಲ ಹೋಯಿತು. ಬಾಣಂತಿ ಉಳಿದಳು. ಶೈಲಾ ಬೆಳಗಿನ ತನಕ ಅಲ್ಲೇ ಕೂತಿದ್ದಳು. ಆ ಹೆಸರನ್ನು ಮತ್ತೆ ಅಳಿಸುವ ಧೈರ್ಯ ಆಗಲಿಲ್ಲ.

ನಂಬದಿದ್ದರೆ ಬಿಡಿ. ಯೂಸರ್ ಪಟ್ಟಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಲಾಲಬೀ ಹೆಸರು ಅಲ್ಲೇ ಇದೆ. ಮೊದಲಿನ ಹಕ್ಕುಗಳು ಒಂದೂ ಇಲ್ಲ, ಚೀಲ ತಡೆಯುವುದೊಂದನ್ನು ಬಿಟ್ಟು. ಪಾಸ್‌ವರ್ಡ್ ಬದಲಾದದ್ದು ಅದೇ ರಾತ್ರಿ 8:39ಕ್ಕೆ. ಹೊಸದು ಏನಂತ... ಯಾರಿಗೂ ಗೊತ್ತಿಲ್ಲ.